ಮೂಲೆಮಟ್ಟದ ಬೆಳಕು

ಇಸಳೂರು, ಶಿರಸಿ
೨೬-೯-೧೯೯೯, ಭಾನುವಾರ

ಚಿ. ಸೌ. ಸುಬ್ಬಲಕ್ಷ್ಮಿಗೆ,

ನಿನ್ನ ಅಪ್ಪಯ್ಯನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ಪದ್ಧತಿ. ನಿನ್ನ ಆಯಿಯ ಎಡ ಮೊಣಕಾಲೊಂದನ್ನು ಬಿಟ್ಟರೆ ಆ ಮಾತು ನಿಜ. ಯಲ್ಲಾಪುರದಲ್ಲಿ ನೀನು, ಅಳಿಯಂದಿರು, ಕೂಸು ಅಭಿಜ್ಞಾ ಎಲ್ಲ ಆರೋಗ್ಯವೆಂದು ನಿನ್ನ ಕಾಗದದಿಂದ ತಿಳಿಯಿತು. ಆ ಕಾಗದ ಬಂದು ಇವತ್ತಿಗೆ ಮೂವತ್ತೆಂಟು ದಿನ. ಉತ್ತರ ತಡವಾದದ್ದಕ್ಕೆ ಚೌತಿ ಹಬ್ಬ, ಮಳೆ, ಕರೆಂಟು ಎಂದು ನೆಪ ಹೇಳಬಹುದು. ಆದರೆ ವರ್ಕ್‌ಶಾಪಿನಿಂದ ಮನೆಗೆ ಬಂದ ಮೇಲೆ ಪೆನ್ನು ಹಿಡಿಯುವ ಮನಸ್ಸೇ ಆಗುತ್ತಿರಲಿಲ್ಲ. ಅದರ ಕಾರಣ ಮುಂದೆ ಬರೆಯುತ್ತೇನೆ, ತಪ್ಪು ತಿಳಿಯಬೇಡ.

ಮೊದಲು ಊರ ಸುದ್ದಿ. ನಮ್ಮ ಪಕ್ಕದ ಸೈಟಿನಲ್ಲಿ ಮನೆ ಏಳುತ್ತಿದೆ. ಅಲ್ಲಿನ ಮೇಸ್ತ್ರಿ ತೂಗುಗುಂಡು ಬಿಟ್ಟು ನೋಡದೆ ಬರೀ ಕಣ್ಣಂದಾಜಿನಲ್ಲಿ ಗೋಡೆ ಏರಿಸುತ್ತಿದ್ದ. ಎರಡು ದಿನ ಬೇಲಿಯ ಈಚೆ ನಿಂತು ಸಹಿಸಿಕೊಂಡೆ, ಮೂರನೆಯ ದಿನ ಹೇಳಿಯೇ ಬಿಟ್ಟೆ. ನಿನ್ನ ಆಯಿಗೆ ಸಿಟ್ಟು ಬಂತು. "ನಿಂಗಕ್ಕೆ ಬೇರೆಯವ್ರ ಮನೆ ಗೋಡೆ ಎಂತಕ್ಕೆ? ಬಿದ್ರೆ ಅವ್ರ ಮೇಲೆ ಬೀಳ್ತು" ಎಂದಳು. ಅದು ವಾಲಿರುವುದು ನಮ್ಮ ಬಚ್ಚಲಿನ ಕಡೆಗೆ ಎಂದು ಕರೆದುಕೊಂಡು ಹೋಗಿ ತೋರಿಸಿದ ಮೇಲೆ ಅವಳೇ ಮೇಸ್ತ್ರಿಯನ್ನು ಕರೆದು ಚಹಾ ಕೊಟ್ಟು ಇನ್ನೊಮ್ಮೆ ಹೇಳಿದಳು. ಗೋಡೆ ಈಗ ನೆಟ್ಟಗಾಗಿದೆ.

ಇನ್ನು ಕಾರಣಕ್ಕೆ ಬರುತ್ತೇನೆ. ನಮ್ಮ ಐಟಿಐನ ಫಿಟ್ಟರ್ ವಿಭಾಗಕ್ಕೆ ಈ ವರ್ಷ ಒಬ್ಬ ಹುಡುಗಿ ಸೇರಿದ್ದಾಳೆ. ಇಪ್ಪತ್ತೆರಡು ವರ್ಷದಿಂದ ನಾನು ಮಕ್ಕಳ ಕೈಗೆ ಅರ ಕೊಟ್ಟು ಕಬ್ಬಿಣ ಉಜ್ಜಲು ಕಲಿಸುತ್ತಿದ್ದೇನೆ. ಒಬ್ಬ ಹುಡುಗಿಯೂ ಆ ಬಾಗಿಲು ದಾಟಿ ಬಂದಿರಲಿಲ್ಲ. ಇವಳ ಹೆಸರು ಸ್ಫೂರ್ತಿ. ಬನವಾಸಿಯ ಆಚೆಯ ಹಳ್ಳಿಯವಳು, ದಿನಾ ಬೆಳಿಗ್ಗೆ ಆರೂವರೆಯ ಬಸ್ಸಿಗೆ ಬರುತ್ತಾಳೆ. ಅಪ್ಪ ಚಂದ್ರಶೇಖರಪ್ಪನವರದು ಹಿಟ್ಟಿನ ಗಿರಣಿ. ಸೇರಿಸುವ ದಿನ ಅವರೇ ಜೊತೆಗೆ ಬಂದಿದ್ದರು, ಬಿಳಿ ಅಂಗಿಯ ತೋಳಿನ ಮಡಿಕೆಯಲ್ಲಿ ಹಿಟ್ಟು ಹಾಗೆಯೇ ಕೂತಿತ್ತು.

ನಾನು ಅವರಿಗೆ ಬುದ್ಧಿ ಹೇಳಲು ಹೊರಟೆ. ಹೊಲಿಗೆ ವಿಭಾಗವಿದೆ, ಎಲೆಕ್ಟ್ರಾನಿಕ್ಸ್ ಇದೆ, ಕೂತು ಮಾಡುವ ಕೆಲಸ, ಫಿಟ್ಟರ್ ಅಂದರೆ ದಿನವಿಡೀ ನಿಂತೇ ಇರಬೇಕು ಎಂದೆ. ಅವರು ಸಮಾಧಾನವಾಗಿ ಕೇಳಿ, "ಗೊತ್ತೈತ್ರಿ ಸರ. ನಮ್ಮ ಗಿರಣ್ಯಾಗ ಬೆಲ್ಟ್ ಹಚ್ಚೋದು, ಬೇರಿಂಗ್ ಬಿಚ್ಚಿ ಗ್ರೀಸ್ ತುಂಬೋದು ಎಲ್ಲಾ ಈಕಿನ ಮಾಡ್ತಾಳ. ಏನರ ಮುರೀತಂದ್ರ ಹುಬ್ಬಳ್ಳಿಯಿಂದ ಮಂದಿ ಬರೂತನಕ ಊರಾಗಿನವರು ಕಾಳಿನ ಚೀಲ ಇಟ್ಕೊಂಡು ಕಾಯ್ತಾರ್ರಿ" ಎಂದರು. ನಾನು ಹುಡುಗಿಯ ಕಡೆ ತಿರುಗಿ, ಎಲ್ಲ ಬರುತ್ತದಲ್ಲ, ಮತ್ತೆ ಇಲ್ಲಿಗೇಕೆ ಬಂದೆ ಎಂದು ಕೇಳಿದೆ. "ನಂಗ ಬಿಚ್ಚೋದು ಬರ್ತೈತ್ರಿ ಸರ, ಮಾಡೋದು ಬರಂಗಿಲ್ಲ. ಅದಕ್ಕ ಬಂದೀನ್ರಿ" ಎಂದಳು.

ಆದರೂ ಬಿಡದೆ ಪ್ರಿನ್ಸಿಪಾಲ ವಿಘ್ನೇಶ್ವರ ಭಟ್ಟರ ಹತ್ತಿರ ಹೋದೆ. ಅವರು ನಮ್ಮವರೇ, ನನಗಿಂತ ಹನ್ನೆರಡು ವರ್ಷ ಚಿಕ್ಕವರು. ನಿಯಮದ ಪುಸ್ತಕವನ್ನು ನನ್ನ ಕಡೆ ತಳ್ಳಿ, "ಇದ್ರಲ್ಲಿ ಕೂಸುಗಕ್ಕೆ ಇಲ್ಲೆ ಹೇಳಿ ಎಲ್ಲಿದ್ದು ಹೆಗಡೇರೆ? ತೋರ್ಸಿ ನೋಡನ" ಎಂದರು. ಹುಡುಗಿಯರಿಗೆ ಇಲ್ಲವೆಂದು ಎಲ್ಲಿಯೂ ಇರಲಿಲ್ಲ. ಹುಡುಗಿಗೆ ಪ್ರವೇಶ ಸಿಕ್ಕಿತು.

ಹೊರಡುವಾಗ ಚಂದ್ರಶೇಖರಪ್ಪನವರು ನನ್ನನ್ನು ಪಕ್ಕಕ್ಕೆ ಕರೆದು ಇನ್ನೊಂದು ಮಾತು ಹೇಳಿದರು. ಹಾವೇರಿ ಕಡೆಯಿಂದ ಈ ಹುಡುಗಿಗೆ ಒಂದು ಸಂಬಂಧ ಬಂದಿದೆ. ಮನೆಯಲ್ಲಿ ಅವರ ಅಣ್ಣತಮ್ಮಂದಿರು ಅದನ್ನೇ ಮುಗಿಸೋಣ ಎಂದು ಕೂತಿದ್ದಾರೆ. "ಫೆಬ್ರವರ್ಯಾಗ ಮೊದಲ್ನೇ ಪರೀಕ್ಷಾ ಐತೆಲ್ರಿ, ಅದ್ರಾಗ ಪಾಸಾದ್ರ ಎರಡು ವರ್ಷ ಪೂರಾ ಕಲೀಲಿ, ಇಲ್ಲಂದ್ರ ನೀವು ಹೇಳಿದ್ಹಂಗ ಆಗಲಿ ಅಂತ ಮಾತು ಕೊಟ್ಟೀನ್ರಿ. ನನಗೂ ಅವರ ಮುಂದ ಒಂದು ಮಾತು ಬೇಕಲ್ರಿ." ಅಂದರೆ ಈ ಹುಡುಗಿಯ ಎರಡು ವರ್ಷ ಫೆಬ್ರವರಿಯ ಒಂದು ಕಬ್ಬಿಣದ ತುಂಡಿನ ಮೇಲೆ ನಿಂತಿದೆ.

ಆ ತುಂಡಿನ ವಿಷಯ ನಿನಗೆ ಹೇಳಬೇಕಾದ್ದಿಲ್ಲ, ನಮ್ಮ ಮನೆಯಲ್ಲಿ ಊಟದ ಹೊತ್ತಿಗೆಲ್ಲ ಅದೇ ಮಾತು ಕೇಳಿ ಬೆಳೆದವಳು ನೀನು. ಆದರೂ ಬರೆಯುತ್ತೇನೆ, ಬರೆಯದಿದ್ದರೆ ನನಗೆ ತೃಪ್ತಿಯಾಗದು. ಮೊದಲ ಎರಡು ತಿಂಗಳು ಮೆಷಿನ್ ಮುಟ್ಟುವ ಹಾಗಿಲ್ಲ. ಒಂದು ಕಬ್ಬಿಣದ ತುಂಡು, ಒಂದು ಅರ, ಮೂಲೆ ನೇರವೇ ಎಂದು ನೋಡುವ ಎರಡು ಕಾಲಿನ ಒಂದು ಮೂಲೆಮಟ್ಟ. ತುಂಡನ್ನು ವೈಸಿನಲ್ಲಿ ಬಿಗಿದು, ಎಡಗಾಲು ಮುಂದಿಟ್ಟು, ಅರವನ್ನು ಒತ್ತಿ ಮುಂದಕ್ಕೆ ನೂಕಬೇಕು, ಒತ್ತದೆ ಹಿಂದಕ್ಕೆ ತರಬೇಕು. ಕೈ ತೂಗಿದರೆ ನಡುವೆ ಉಬ್ಬು ಉಳಿಯುತ್ತದೆ, ಅದಕ್ಕೆ ನಾವು ಹೊಟ್ಟೆ ಎನ್ನುತ್ತೇವೆ. ನಾಲ್ಕು ಬದಿ ಸಪಾಟಾಗಬೇಕು, ನಾಲ್ಕು ಮೂಲೆ ನೇರವಾಗಬೇಕು. ಉಜ್ಜಿದ ಜಾಗಕ್ಕೆ ಬೆರಳು ತಾಗಿಸಬಾರದು, ಬೆವರಿನ ಜಿಡ್ಡಿಗೆ ಅರ ಜಾರುತ್ತದೆ. ಕೊನೆಗೆ ಮೂಲೆಮಟ್ಟವನ್ನು ತುಂಡಿಗೆ ಕೂಡಿಸಿ ಕಿಟಕಿಯ ಕಡೆ ಎತ್ತಿ ಹಿಡಿದು ನೋಡುವುದು. ಎರಡರ ನಡುವೆ ಬೆಳಕಿನ ಗೆರೆ ಕಂಡರೆ ಕೆಲಸ ಸರಿಯಿಲ್ಲ. ಕಾಣದಿದ್ದರೆ ಸರಿ. ಹುಡುಗರು ಒಬ್ಬರನ್ನೊಬ್ಬರು "ಬೆಳಕು ಹೋಯ್ತನೋ?" ಎಂದು ಕೇಳುತ್ತಾರೆ. "ಇಲ್ಲೋ ಮಾರಾಯ, ಪೂರಾ ಮಧ್ಯಾಹ್ನ ಕಾಣ್ತಾ ಇದೆ" ಎನ್ನುತ್ತಾನೆ ಇನ್ನೊಬ್ಬ.

ಒಂದು ಮಾತು ಬರೆಯಲು ನಾಚಿಕೆಯಾಗುತ್ತದೆ. ವೈಸಿನ ಎತ್ತರ ಕೆಲಸ ಮಾಡುವವರ ಮೊಣಕೈಗೆ ಸಮವಿರಬೇಕು. ಹುಡುಗರಲ್ಲಿ ಗಿಡ್ಡವರು ಬಂದಾಗ ಕಾಲಡಿಗೆ ಹಲಗೆ ಹಾಕಿಸುವವನು ನಾನೇ. ಈ ಹುಡುಗಿಗೆ ವೈಸು ಎದೆಮಟ್ಟ ಬರುತ್ತಿತ್ತು. ಕಂಡೂ ಸುಮ್ಮನಿದ್ದೆ. ಕಷ್ಟವಾದರೆ ತಾನೇ ಬಿಟ್ಟು ಹೋಗುತ್ತಾಳೆ ಎಂದು ಒಳಗೊಳಗೆ ಲೆಕ್ಕ ಹಾಕಿದ್ದೆ. ಒಂಬತ್ತನೆಯ ದಿನ ಅವಳು ಮನೆಯಿಂದ ಎರಡು ಮಣೆ ತಂದಳು. ಬಸ್ಸಿನಲ್ಲಿ ಕಂಡಕ್ಟರು ಇದೇನು ಮದುವೆಗೆ ಹೊರಟೆಯಾ ಎಂದು ತಮಾಷೆ ಮಾಡಿದನಂತೆ. ಮಣೆಗಳನ್ನು ಒಂದರ ಮೇಲೊಂದು ಇಟ್ಟು, ಹತ್ತಿ ನಿಂತು ಉಜ್ಜತೊಡಗಿದಳು. ಮಾರನೆಯ ದಿನ ನಾನು ಸ್ಟೋರಿನಿಂದ ಹಲಗೆ ತರಿಸಿ ಹಾಕಿಸಿದೆ. ಮನೆಯ ಮಣೆ ವಾಪಸು ಒಯ್ಯಿ, ನಿಮ್ಮಮ್ಮನಿಗೆ ಬೇಕಾಗುತ್ತದೆ ಎಂದೆ. ಅಷ್ಟೇ ಹೇಳಲು ಸಾಧ್ಯವಾಯಿತು.

ಕೂಸಿಗೆ ಮುದ್ದು. ಅಳಿಯಂದಿರಿಗೆ ನಮಸ್ಕಾರ. ನೂರು ಕಾಲ ಸುಖವಾಗಿ ಬಾಳು.

ನಿನ್ನ ಅಪ್ಪಯ್ಯ,
ಸೀತಾರಾಮ

ತಾ.ಕ.: ಆಯಿ ಹೇಳಿ ಬರೆಸಿದ್ದು, ಕೂಸಿನ ಕಿವಿಗೆ ಎಣ್ಣೆ ಬಿಡಬೇಡ, ಡಾಕ್ಟರಿಗೆ ತೋರಿಸು. ನಿನ್ನ ಕಿವಿಗೆ ಅವಳೇ ವಾರಕ್ಕೊಮ್ಮೆ ಬಿಡುತ್ತಿದ್ದಳು ಎಂಬುದು ನನಗೆ ನೆನಪಿದೆ, ಆದರೆ ಹೇಳಿದ್ದನ್ನು ಬರೆಯುವುದಷ್ಟೇ ನನ್ನ ಕೆಲಸ.


ಇಸಳೂರು
೯-೧-೨೦೦೦

ಚಿ. ಸೌ. ಸುಬ್ಬಲಕ್ಷ್ಮಿಗೆ ಆಶೀರ್ವಾದಗಳು.

ಇನ್‌ಲ್ಯಾಂಡ್ ಲೆಟರಿನಲ್ಲಿ ಎಷ್ಟು ಹಿಡಿಯುತ್ತದೋ ಅಷ್ಟು ಬರೆಯುತ್ತೇನೆ. ಈ ಸಲ ತಡಮಾಡಿದವಳು ನೀನು. ದೀಪಾವಳಿಗೆ ಬಂದು ಹೋದ ಮೇಲೆ ಒಂದು ಸಾಲಿಲ್ಲ. ನಾಲ್ಕು ಮನೆ ಆಚೆಗಿನ ಎಸ್‌ಟಿಡಿ ಬೂತಿಗೆ ಫೋನು ಮಾಡಿ ಆಯಿಯನ್ನು ಕರೆಸಿ ಮಾತಾಡುತ್ತೀ, ನನ್ನನ್ನು ಕೇಳುವುದಿಲ್ಲ. ನಾನು ಮೊಣಕಾಲು ನೋವಿಲ್ಲದೆ ನಾಲ್ಕು ಮನೆ ನಡೆಯಬಲ್ಲೆ ಎಂಬುದು ನಿನ್ನ ಗಮನಕ್ಕಿರಲಿ.

ದೀಪಾವಳಿಯಲ್ಲಿ ಊಟಕ್ಕೆ ಕೂತಾಗ ಎರಡು ಸಲ ನಾನು ಆ ಹುಡುಗಿಯ ವಿಷಯ ಎತ್ತಿದೆ. ಎರಡು ಸಲವೂ ನೀನು ಕೂಸಿನ ಕೈ ತೊಳೆಸುತ್ತೇನೆಂದು ಎದ್ದುಹೋದೆ. ಕೂಸಿನ ಊಟ ಅರ್ಧವೂ ಆಗಿರಲಿಲ್ಲ. ನಾನು ಕಂಡಿಲ್ಲವೆಂದಲ್ಲ. ಆದರೂ ಇಲ್ಲಿ ಬರೆಯಲು ನನಗೆ ಬೇರೆ ಸುದ್ದಿಯಿಲ್ಲ, ಓದು.

ಅಕ್ಟೋಬರ್ ಪೂರ್ತಿ ಅವಳ ತುಂಡಿಗೆ ಹೊಟ್ಟೆ ಬರುತ್ತಿತ್ತು. ನಾನು ಬೈದೆ, ಅರಕ್ಕೆ ಸುಣ್ಣದ ಕಡ್ಡಿ ಉಜ್ಜಿಸಿದೆ, ನಿಲ್ಲುವ ರೀತಿ ಬದಲಿಸಿದೆ, ಏನೂ ಆಗಲಿಲ್ಲ. ಕೊನೆಗೆ ಹಿಂದೆ ಹುಬ್ಬಳ್ಳಿಯ ಕಾರ್ಖಾನೆಯಲ್ಲಿ ನನಗೆ ಕಲಿಸಿದ ಮುದುಕರು ಮಾಡುತ್ತಿದ್ದ ಉಪಾಯ ಮಾಡಿದೆ. ಅರದ ಮೇಲೆ, ಹಿಡಿಯ ಹತ್ತಿರ, ನಾಲ್ಕಾಣೆ ಇಟ್ಟು, ಬೀಳದ ಹಾಗೆ ಉಜ್ಜು ಎಂದೆ. ಮೊದಲ ದಿನ ನಾಣ್ಯ ಬಿದ್ದ ಸದ್ದಿಗೆ ಹುಡುಗರಿಗೆಲ್ಲ ನಗು. ನಾಣ್ಯ ಹೆಕ್ಕಲು ಬಗ್ಗಿ ಬಗ್ಗಿ ಅವಳಿಗೆ ಸೊಂಟ ನೋವು ಬಂದಿರಬೇಕು. ಮೂರನೆಯ ವಾರಕ್ಕೆ ಸದ್ದು ನಿಂತಿತು. ಈಗ ಹುಡುಗರು ತಮ್ಮ ಅರದ ಮೇಲೂ ನಾಲ್ಕಾಣೆ ಇಟ್ಟುಕೊಳ್ಳುತ್ತಾರೆ, ಅವರದು ಬೀಳುತ್ತದೆ.

ಡಿಸೆಂಬರಿನಲ್ಲಿ ಒಂದು ಅನಾಹುತ ಮಾಡಿಕೊಂಡಳು. ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಬೆಳಕು ಉಳಿದಿತ್ತು. ಅದನ್ನು ಓಡಿಸಲು ಉಜ್ಜಿದಳು, ಪಕ್ಕದ ಮೂಲೆಯಲ್ಲಿ ಬಂತು, ಅದನ್ನು ಉಜ್ಜಿದಳು. ಸಂಜೆಯ ಹೊತ್ತಿಗೆ ನಾಲ್ಕೂ ಕಡೆ ಬೆಳಕು ಹೋಗಿತ್ತು. ಖುಷಿಯಿಂದ ತಂದು ಕೊಟ್ಟಳು. ಅಳತೆ ತೆಗೆದರೆ ನಲವತ್ತೆಂಟು ಮಿಲಿಮೀಟರ್ ಇರಬೇಕಾದ ತುಂಡು ನಲವತ್ತಾರೂವರೆ ಆಗಿದೆ. ಬೆಳಕಿನ ಜೊತೆ ಅಳತೆಯೂ ಹೋಗಿತ್ತು. ಕಬ್ಬಿಣವನ್ನು ತೆಗೆಯಬಹುದು, ವಾಪಸು ಸೇರಿಸಲು ಬರುವುದಿಲ್ಲ ಎಂದೆ. ಅಳುತ್ತಾಳೆಂದುಕೊಂಡಿದ್ದೆ. "ಹಂಗಾರ ಹ್ಯಾಕ್ಸಾ ಕೊಡ್ರಿ ಸರ, ಹೊಸಾದು ಕೊಯ್ಕೋತೀನಿ" ಎಂದಳು. ಬಸ್ಸು ತಪ್ಪುವವರೆಗೂ ಕೊಯ್ದಳು.

ಸತ್ಯ ಹೇಳಬೇಕೆಂದರೆ, ಈಗ ನನಗೆ ಅವಳು ಪಾಸಾಗಬೇಕೆಂಬ ಆಸೆ ಬಂದಿದೆ. ಮೊದಲು ಇರಲಿಲ್ಲ. ಪರೀಕ್ಷೆ ಫೆಬ್ರವರಿ ಎರಡನೇ ತಾರೀಖು ಬುಧವಾರ, ಹೊರಗಿನಿಂದ ಪರೀಕ್ಷಕರು ಬರುತ್ತಾರೆ. ಕಾಗದ ಮುಗಿಯಿತು, ಮಡಿಕೆಯ ಮೇಲೆ ಬರೆದರೆ ಅಂಟಿನಲ್ಲಿ ಅಳಿಸಿಹೋಗುತ್ತದೆ. ಎಲ್ಲರಿಗೂ ಒಳ್ಳೆಯದಾಗಲಿ. ಎರಡು ಸಾಲಾದರೂ ಬರೆ.

ಅಪ್ಪಯ್ಯ


ಇಸಳೂರು
೬-೨-೨೦೦೦, ಭಾನುವಾರ

ಚಿ. ಸೌ. ಸುಬ್ಬಲಕ್ಷ್ಮಿಗೆ,

ಆಶೀರ್ವಾದಗಳು. ನಿನ್ನ ಕಾರ್ಡು ಬಂತು. ಕೂಸು ಬಾಲವಾಡಿಗೆ ಹೋಗುತ್ತಿರುವುದು, ಅಳಿಯಂದಿರಿಗೆ ಜ್ವರ ಬಂದು ಬಿಟ್ಟದ್ದು, ಎರಡೂ ತಿಳಿಯಿತು. ಕಾರ್ಡಿನಲ್ಲಿ ಐದು ಸಾಲಿತ್ತು, ಮೂರು ಆಯಿಗೆ, ಎರಡು ಇಬ್ಬರಿಗೂ. ನನ್ನ ಎರಡು ಕಾಗದಗಳ ವಿಷಯ ಒಂದಕ್ಷರವಿಲ್ಲ. ಇರಲಿ, ಅದನ್ನು ಕೇಳುವ ಅಧಿಕಾರ ನನಗಿಲ್ಲ. ಏಕೆ ಎಂದು ಕೊನೆಗೆ ಬರೆಯುತ್ತೇನೆ, ಬರೆಯಲು ಕೈ ಬಂದರೆ. ಪರೀಕ್ಷೆಯಾಗಿ ನಾಲ್ಕು ದಿನವಾಯಿತು, ದಿನಾ ಕಾಗದ ತೆಗೆದು ಮತ್ತೆ ಒಳಗಿಟ್ಟಿದ್ದೇನೆ. ಮೊನ್ನೆ ಆಯಿ ನನ್ನ ತಟ್ಟೆ ನೋಡಿ, "ಎಂತ ಆತು ನಿಂಗಕ್ಕೆ? ಅನ್ನ ಹಾಂಗೇ ಇದ್ದು" ಎಂದಳು. ಗ್ಯಾಸು ಎಂದೆ. ಜೀರಿಗೆ ಕಷಾಯ ಮಾಡಿ ಕೊಟ್ಟಳು, ಕುಡಿಯಬೇಕಾಯಿತು.

ಬುಧವಾರದ ವಿಷಯ ಸಾಲಾಗಿ ಬರೆಯುತ್ತೇನೆ.

ಬೆಳಿಗ್ಗೆ ಒಂಬತ್ತಕ್ಕೆ ಪರೀಕ್ಷಕರು ಬಂದರು. ವಯಸ್ಸಿನಲ್ಲಿ ನನಗಿಂತ ಕಿರಿಯರು, ಕೆಲಸ ಗೊತ್ತಿದ್ದ ಮನುಷ್ಯ, ಅದನ್ನು ಇಲ್ಲವೆನ್ನಲಾರೆ. ಸಾಲಿನಲ್ಲಿ ನಿಂತ ಹದಿನಾರು ಮಂದಿಯನ್ನು ನೋಡುತ್ತಾ ಬಂದು ಸ್ಫೂರ್ತಿಯ ಎದುರು ನಿಂತು, "ಇದೇನು, ಫಿಟ್ಟರಿಗೂ ಹುಡುಗೀರು ಬಂದ್ರಾ? ಮುಂದೆ ಮಾಡೋದೇನು, ಒಲೆ ಉಜ್ಜೋದಾ?" ಎಂದು ನಕ್ಕರು. ಹುಡುಗರಲ್ಲಿ ಇಬ್ಬರು ನಕ್ಕರು, ಉಳಿದವರು ನಗಲಿಲ್ಲ. ಆರು ತಿಂಗಳ ಹಿಂದೆ ಆಗಿದ್ದರೆ ನಾನೂ ನಕ್ಕಿರುತ್ತಿದ್ದೆನೋ ಏನೋ.

ಕೆಲಸ ಎಲ್ಲರಿಗೂ ಒಂದೇ. ಒರಟು ತುಂಡನ್ನು ನಲವತ್ತೆಂಟರ ಚೌಕ ಮಾಡುವುದು, ಐದು ತಾಸು. ಪರೀಕ್ಷೆಯ ದಿನ ಕಲಿಸಿದ ಮೇಷ್ಟರು ತುಂಡು ಮುಟ್ಟುವಂತಿಲ್ಲ, ಮಾತಾಡುವಂತಿಲ್ಲ, ಇದು ನಿಯಮ. ಗೋಡೆಯ ಪಕ್ಕ ಕುರ್ಚಿ ಹಾಕಿ ಕೂರಿಸುತ್ತಾರೆ. ನಾನು ಕೂತಿದ್ದೆ. ಹುಡುಗರ ಅರದ ಸದ್ದು ಮೇಲೆ ಕೆಳಗೆ ಆಗುತ್ತಿತ್ತು, ಮೂಲೆಯ ವೈಸಿನಿಂದ ಬರುವ ಸದ್ದು ಮಾತ್ರ ಒಂದೇ ಸಮ. ನೋಡದೆಯೇ ನನಗೆ ಗೊತ್ತಾಗುತ್ತಿತ್ತು ಅವಳು ಎಲ್ಲಿದ್ದಾಳೆ ಎಂದು. ಹೊರಗೆ ಗೇಟಿನ ಹತ್ತಿರ ಚಂದ್ರಶೇಖರಪ್ಪನವರು ಬೈಕಿನ ಮೇಲೆ ಕೂತು ಕಾಯುತ್ತಿದ್ದರು. ಊಟಕ್ಕೂ ಎದ್ದು ಹೋಗಲಿಲ್ಲ.

ಎರಡೂವರೆಗೆ ತುಂಡುಗಳನ್ನು ಮೇಜಿನ ಮೇಲೆ ಇಡಿಸಿ ಪರೀಕ್ಷಕರು ಒಂದೊಂದನ್ನೇ ನೋಡಿದರು. ಸ್ಫೂರ್ತಿಯದು ಹನ್ನೊಂದನೆಯದು. ಅಳತೆ ಸರಿ ಬಂತು. ಮೂಲೆಮಟ್ಟ ಕೂಡಿಸಿ ಎತ್ತಿ ಹಿಡಿದು, "ಬೆಳಕು ಕಾಣ್ತದೆ" ಎಂದರು. ಇನ್ನೊಂದು ಬದಿ ಹಿಡಿದರು, ಅಲ್ಲಿಯೂ ಕಾಣುತ್ತದೆ ಎಂದರು. ಉಳಿದೆರಡು ಬದಿ ನೋಡಲೇ ಇಲ್ಲ. ಒಟ್ಟು ಮಾರ್ಕಿನಲ್ಲಿ ಅರ್ಧ ಮೂಲೆಗೇ. ಕೆಂಪು ಪೆನ್ನಿನಲ್ಲಿ ಗೀಟು ಹಾಕಿ ತುಂಡನ್ನು ಪಕ್ಕಕ್ಕಿಟ್ಟರು. ನಾನು ಕೂತೇ ಇದ್ದೆ, ಸುಬ್ಬಿ. ಏಳಲಿಲ್ಲ. ನಿಯಮ ಎಂದುಕೊಂಡೆ. ನಿಯಮವೆಂಬುದು ಕೆಲವು ಸಲ ಬಹಳ ಅನುಕೂಲದ ಕುರ್ಚಿ.

ಎದ್ದು ಮಾತಾಡಿದವಳು ಅವಳು. "ಸರ್, ಇನ್ನೊಮ್ಮೆ ನೋಡ್ರಿ. ಕಿಟಕಿ ಕಡೆ ಹಿಡದ ನೋಡ್ರಿ" ಎಂದಳು. ಪರೀಕ್ಷಕರಿಗೆ ಮುಖ ಕೆಂಪಾಯಿತು. "ನೋಡೋದು ಹೇಗೆ ಅಂತ ನೀನು ನಂಗೆ ಕಲಿಸ್ತೀಯಾ?" ಎಂದರು. ಅವಳು ನನ್ನ ಕಡೆ ತಿರುಗಿದಳು. "ಸರ, ನೀವರ ನೋಡಿ ಹೇಳ್ರಿ. ಬೆಳಕ ಕಂಡ್ರ ಕಂಡೈತಿ ಅಂತ ಹೇಳ್ರಿ, ನಾ ಮನಿಗೆ ಹೋಗ್ತೀನಿ."

ಹದಿನಾರು ಮಂದಿಯೂ ನನ್ನನ್ನೇ ನೋಡುತ್ತಿದ್ದರು. ನಾನು ಎದ್ದೆ. ಮೇಜಿನ ಹತ್ತಿರ ಹೋಗಿ ತುಂಡು ಕೈಗೆತ್ತಿಕೊಂಡೆ, ಮೂಲೆಮಟ್ಟವನ್ನೂ ತೆಗೆದುಕೊಂಡೆ. ಪರೀಕ್ಷಕರು, "ಹೆಗಡೇರೆ, ನೀವು ಮುಟ್ಟೋ ಹಾಗಿಲ್ಲ" ಎಂದರು. ಕಿಟಕಿಯ ಹತ್ತಿರ ಹಿಡಿದು ನೋಡಿದರೆ ನನಗೂ ಬೆಳಕು ಕಂಡಿತು. ಒಂದು ಗಳಿಗೆ ನನ್ನ ಜೀವವೇ ಹೋಯಿತು. ಆದರೆ ಗೆರೆ ಒಂದೇ ಸಮನಾಗಿ ಓರೆಯಾಗಿತ್ತು, ಕೈಕೆಲಸದ ತಪ್ಪು ಹಾಗಿರುವುದಿಲ್ಲ. ಮೂಲೆಮಟ್ಟ ತಿರುಗಿಸಿ ನೋಡಿದೆ. ಅದರ ದಪ್ಪ ಕಾಲಿನ ಒಳಬದಿಗೆ ಅರದ ಪುಡಿಯ ಒಂದು ಕಣ ಅಂಟಿಕೊಂಡಿತ್ತು, ಹತ್ತನೆಯ ಹುಡುಗನ ತುಂಡಿನಿಂದ ಬಂದದ್ದು. ಅಂಗಿಯ ಅಂಚಿನಲ್ಲಿ ಒರೆಸಿ ಮತ್ತೆ ಕೂಡಿಸಿದೆ. ಬೆಳಕು ಇರಲಿಲ್ಲ. ನಾಲ್ಕು ಬದಿಯೂ ನೋಡಿದೆ, ಎಲ್ಲೂ ಇಲ್ಲ. ಇಷ್ಟು ವರ್ಷದಲ್ಲಿ ಮೊದಲ ಪರೀಕ್ಷೆಗೇ ಅಂಥ ತುಂಡು ಮಾಡಿದವರು ಬಹಳ ಮಂದಿಯಿಲ್ಲ.

"ಕಾಣೋದಿಲ್ಲ ಸರ್, ಮಟ್ಟದಲ್ಲಿ ಪುಡಿ ಇತ್ತು, ನೀವೇ ನೋಡಿ" ಎಂದು ಎರಡನ್ನೂ ಅವರ ಕೈಗೆ ಕೊಟ್ಟೆ. ಅವರು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಕೆಂಪು ಗೀಟಿನ ಮೇಲೆ ಇನ್ನೊಂದು ಗೀಟು ಹಾಕಿ ಮಾರ್ಕು ತಿದ್ದಿದರು. ಮೊದಲ ಹತ್ತು ತುಂಡುಗಳನ್ನೂ ಮತ್ತೊಮ್ಮೆ ಒರೆಸಿ ನೋಡಿದರು, ಅದು ಅವರ ದೊಡ್ಡತನ. ಜೊತೆಗೆ, ಇಲ್ಲಿಯ ಮೇಷ್ಟರು ನಿಯಮ ಮೀರಿ ತುಂಡು ಮುಟ್ಟಿದ್ದಾರೆ ಎಂದು ವರದಿಯಲ್ಲಿ ಬರೆದರು, ಅದೂ ಸುಳ್ಳಲ್ಲ. ಭಟ್ಟರು ನನಗೆ ಮೆಮೊ ಕೊಟ್ಟಿದ್ದಾರೆ. ಕೊಡುವಾಗ, "ಕೊಡದೇ ಇಪ್ಪಲೆ ಬತ್ತಿಲ್ಲೆ ಹೆಗಡೇರೆ, ಬೇಜಾರು ಮಾಡ್ಕಳಡಿ" ಎಂದರು. ನಿವೃತ್ತಿಗೆ ಒಂದೂವರೆ ವರ್ಷವಿರುವಾಗ ಮೊದಲ ಮೆಮೊ. ಆಯಿಗೆ ಹೇಳಿಲ್ಲ, ನೀನೂ ಹೇಳಬೇಡ.

ಸ್ಫೂರ್ತಿ ಪಾಸಾದಳು. ಹದಿನಾರರಲ್ಲಿ ಮೂರನೆಯವಳು. ಗೇಟಿನ ಹತ್ತಿರ ಚಂದ್ರಶೇಖರಪ್ಪನವರಿಗೆ ನಾನೇ ಹೋಗಿ ಹೇಳಿದೆ. ಅವರು ಬೈಕಿನಿಂದ ಇಳಿದರು. "ಹಾವೇರಿಯವರಿಗೆ ಇವತ್ತ ಫೋನ್ ಹಚ್ತೀನ್ರಿ. ಹುಡುಗಿ ಕೆಲಸದಾಗ ಅದಾಳ, ಎರಡು ವರ್ಷ ಬಿಡುವಿಲ್ಲ ಅಂತ ಹೇಳಿಬಿಡ್ತೀನಿ" ಎಂದರು. ಮಗಳು ಬಂದಾಗ ಹೊಗಳಲಿಲ್ಲ, ಊಟ ಮಾಡಿದೆಯಾ ಎಂದು ಕೇಳಿದರು. ಅವಳು ಇಲ್ಲವೆಂದಳು. ಇಬ್ಬರೂ ಬಸ್‌ಸ್ಟ್ಯಾಂಡಿನ ಎದುರಿನ ಖಾನಾವಳಿ ಕಡೆ ಹೋದರು.

ನಾನು ವರ್ಕ್‌ಶಾಪಿಗೆ ವಾಪಸು ಬಂದು ಖಾಲಿ ಬೆಂಚಿನ ಹತ್ತಿರ ತುಸು ಹೊತ್ತು ಕೂತೆ. ಸಂತೋಷವಾಗಬೇಕಿತ್ತು. ಆಗಲಿಲ್ಲ.

ಉಳಿದಂತೆ ಇಲ್ಲಿ ವಿಶೇಷವಿಲ್ಲ. ಸಿದ್ದಾಪುರದ ದೊಡ್ಡಮ್ಮನ ಮೊಮ್ಮಗನ ಉಪನಯನ ಏಪ್ರಿಲ್ ಕೊನೆಗೆ, ಕರೆಯೋಲೆ ನಿಮಗೂ ಬರುತ್ತದೆ. ನೀವು ಬರುವುದಾದರೆ ಒಂದು ದಿನ ಮುಂಚೆ ಇಲ್ಲಿಗೆ ಬನ್ನಿ, ಒಟ್ಟಿಗೆ ಹೋಗೋಣ. ಕೂಸನ್ನು ಮಳೆಗಾಲದೊಳಗೆ ಒಮ್ಮೆ ನೋಡಬೇಕೆಂದು ಆಯಿ ದಿನಾ ಹೇಳುತ್ತಾಳೆ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ, ನಿನ್ನ ಮನೆ ತುಂಬಿರಲಿ.

ನಿನ್ನ ಅಪ್ಪಯ್ಯ,
ಸೀತಾರಾಮ

ತಾ.ಕ.: ಇದನ್ನು ಬರೆಯದೆ ಲಕೋಟೆ ಅಂಟಿಸಿದ್ದೆ. ಮತ್ತೆ ಬಿಚ್ಚಿದ್ದೇನೆ.

ತೊಂಬತ್ತನೇ ಇಸವಿಯ ಬೇಸಿಗೆ ರಜೆ. ನೀನು ಎಸ್ಸೆಸ್ಸೆಲ್ಸಿ ಬರೆದಿದ್ದೆ. "ಅಪ್ಪಯ್ಯ, ಆನು ಫಿಟ್ಟರ್ ಕ್ಲಾಸಿಗೆ ಹೋಗ್ತೆ" ಎಂದೆ. ನಾನು ನಕ್ಕು, ಮೊದಲು ಒಂದು ಚೌಕ ಮಾಡಿ ತೋರಿಸು, ಆಮೇಲೆ ಮಾತಾಡೋಣ ಎಂದೆ. ಮೂರು ದಿನಕ್ಕೆ ಬಿಡುತ್ತೀ ಎಂದುಕೊಂಡಿದ್ದೆ. ನೀನು ಹಿತ್ತಿಲಿನ ಕಟ್ಟೆಗೆ ನನ್ನ ಹಳೆಯ ವೈಸು ಕಟ್ಟಿಕೊಂಡು ಹತ್ತೊಂಬತ್ತು ದಿನ ಉಜ್ಜಿದೆ. ಇಪ್ಪತ್ತನೆಯ ದಿನ ಬೆಳಿಗ್ಗೆ ತುಂಡನ್ನು ಬಟ್ಟೆಯ ಚೂರಿನ ಮೇಲಿಟ್ಟು ತಂದೆ, ಬೆರಳು ತಾಗಬಾರದೆಂದು. ನಾನು ಅಂಗಳಕ್ಕೆ ಹೋಗಿ ಮೂಲೆಮಟ್ಟ ಕೂಡಿಸಿ ಹಿಡಿದು ನೋಡಿದೆ.

ಆಗ ನನ್ನ ತಲೆಯಲ್ಲಿ ಇದ್ದದ್ದು ಬೇರೆ. ಹೆಗಡೆಯಾಗಿ ಹುಟ್ಟಿ ಅರ ಹಿಡಿದವನೆಂದು ಮದುವೆ ಮುಂಜಿಗಳ ಪಂಕ್ತಿಯಲ್ಲಿ ನನ್ನನ್ನು ಆಡಿಕೊಳ್ಳುತ್ತಿದ್ದರು. ಮಗಳೂ ಅದೇ ಹಿಡಿದಳು ಎನ್ನುವುದನ್ನು ಕೇಳುವ ಧೈರ್ಯ ನನಗಿರಲಿಲ್ಲ. ನಿನ್ನ ಕೈ ಒರಟಾಗುತ್ತದೆ, ಗಂಡು ಸಿಗುವುದಿಲ್ಲ ಎಂದು ಆಯಿಯ ಹೆಸರಿನಲ್ಲಿ ಹೇಳುತ್ತಿದ್ದೆ. ಅವಳು ಹಾಗೆ ಎಂದೂ ಅಂದಿರಲಿಲ್ಲ.

"ಬೆಳಕು ಕಾಣ್ತು ತಂಗಿ, ಇದು ನಿನ್ನತ್ರ ಆಪ್ದಲ್ಲ" ಎಂದೆ. ನೀನು ತುಂಡನ್ನು ನೋಡಲಿಲ್ಲ. ನನ್ನ ಮುಖ ನೋಡಿದೆ. ನನಗೆ ತೋರಿಸುವ ಮೊದಲು ನೀನೇ ಹತ್ತು ಸಲ ಬೆಳಕಿಗೆ ಹಿಡಿದು ನೋಡಿರುತ್ತೀ ಎಂದು ಆ ಗಳಿಗೆಯಲ್ಲಿ ನನಗೆ ಹೊಳೆಯಲಿಲ್ಲ. ಬುಧವಾರ ಆ ಹುಡುಗಿ ನನ್ನ ಕಡೆ ತಿರುಗಿದಾಗ ಹೊಳೆಯಿತು. ಅವಳು ಕೇಳಿದ್ದನ್ನು ನೀನು ಕೇಳಲಿಲ್ಲ. ಕಾಮರ್ಸಿಗೆ ಸೇರು ಎಂದೆ, ಸೇರಿದೆ. ಆಮೇಲೆ ಎಂದೂ ನನ್ನ ಹತ್ತಿರ ಏನನ್ನೂ ಬೇಕೆಂದು ಕೇಳಲಿಲ್ಲ.

ಪರೀಕ್ಷಕರ ಮಟ್ಟದಲ್ಲಿ ಪುಡಿಯಿತ್ತು. ಆ ದಿನ ನನ್ನದರಲ್ಲಿ ಏನೂ ಇರಲಿಲ್ಲ, ಒರೆಸಿಯೇ ಹಿಡಿದಿದ್ದೆ. ಈ ಕಾಗದಕ್ಕೆ ನೀನು ಉತ್ತರ ಬರೆಯಲೇಬೇಕೆಂದಿಲ್ಲ.

ಬೆಳಕು ಕಾಣಲಿಲ್ಲ, ತಂಗಿ. ನಿನ್ನ ತುಂಡು ಸರಿಯಾಗಿತ್ತು. ನಾಲ್ಕೂ ಬದಿ.